ಚೆಲುವಮ್ಮನಿಗೆ ಯಾವ ಪಾಠ?

‘ಮಾಡಿದ್ದನ್ನು ಉಣ್ಣದೆ ಬಸ್ಸು ಹತ್ತಿದನೋ ಮಹರಾಯ’ ಎಂದು ಒಂದು ಗಾದೆಯಿದೆ. ಇಲ್ಲ, ಅದು ‘ಮಾಡಿದ್ದುಣ್ಣೋ ಮಹರಾಯ’ ಎಂದು ತಿದ್ದಲು ಬರುವವರು ಸ್ವಲ್ಪ ತಾಳಬೇಕು. ಹಿರಿಯರು ಗಾದೆ ಕಟ್ಟಿದ ಕಾಲಕ್ಕೆ ಹುಣಸೇಕೊಪ್ಪಲಿಗೆ ಬಸ್ಸು ಬರುತ್ತಿರಲಿಲ್ಲ, ತಿಮ್ಮರಾಜುವೂ ಹುಟ್ಟಿರಲಿಲ್ಲ. ಇದು ನಡೆದ ಕತೆ. ಸುಳ್ಳು ಸೇರಿಸುವ ಚಪಲ ಎಷ್ಟೇ ಇದ್ದರೂ ಇದಕ್ಕೆ ಸೇರಿಸುವ ಅಗತ್ಯವೇ ಬೀಳಲಿಲ್ಲ.

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಚಿಮಣಿ ಎಲ್ಲಿಂದ ಬೆರಳಿನಷ್ಟು ಕಾಣುತ್ತದೋ ಅಲ್ಲಿ ಹುಣಸೇಕೊಪ್ಪಲು. ತಿಮ್ಮರಾಜು ಆ ಊರಿನ ಎರಡನೆಯ ಬಿ.ಎ. ಮೊದಲನೆಯವನು ಬೆರಳಚ್ಚು ಕಲಿತು ಮಂಡ್ಯ ಸೇರಿದ. ಇವನು ಕಲಿತದ್ದು ಬೇರೆಯವರ ದನಿ. ಶ್ರೀರಂಗಪಟ್ಟಣದಲ್ಲಿ ಮೂರು ವರ್ಷ ಇತಿಹಾಸ ಓದಿ ಅವನು ಹೊತ್ತು ತಂದದ್ದು ಏಳು ಜನ ಉಪನ್ಯಾಸಕರ ಕೆಮ್ಮು, ಇಬ್ಬರು ಕಂಡಕ್ಟರುಗಳ ಸೀಟಿ ಮತ್ತು ಒಂದು ಸೆಕೆಂಡ್ ಕ್ಲಾಸು. ‘ಪದವಿ ಬಂತು, ಪದ ಬಂತು, ಪದಾರ್ಥ ಒಂದು ಬರಲಿಲ್ಲ’ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ.

ತೊಂಬತ್ತಮೂರರಲ್ಲಿ ಊರೂರಿಗೆ ಸಾಕ್ಷರತೆಯ ಗಾಳಿ ಬೀಸಿದಾಗ, ಖಾಲಿ ಇದ್ದ ಬಿ.ಎ.ಯನ್ನು ಹಿಡಿದು ಹುಣಸೇಕೊಪ್ಪಲಿನ ಅಕ್ಷರ ಕೇಂದ್ರಕ್ಕೆ ಮೇಷ್ಟ್ರು ಮಾಡಿದರು. ಕೇಂದ್ರ ಎಂದರೆ ಹೊಂಗೆಮರದ ಕೆಳಗಿನ ಕಲ್ಲುಜಗಲಿ. ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು. ಅದಕ್ಕೆ ಮೊದಲು ಗದ್ದೆ ಕೆಲಸ, ಆಮೇಲೆ ಎಮ್ಮೆ ಕರೆದು ಡೈರಿಗೆ ಹಾಲು ಹಾಕುವ ಕೆಲಸ. ನಡುವಿನ ಎರಡು ಗಂಟೆ ಮಾತ್ರ ಸರಸ್ವತಿಗೆ.

ಪುಸ್ತಕದ ಕಟ್ಟು ಬಂತು. ಮೊದಲ ಪಾಠ: ‘ಬಸವ ಬಸಳೆ ತಂದ.’ ತಿಮ್ಮರಾಜು ಅದನ್ನು ಬೋರ್ಡಿನ ಮೇಲೆ ಬರೆದು ಓದಿದ.

“ಯಾವ ಬಸವ?” ಎಂದಳು ಮುಂದೆ ಕೂತಿದ್ದ ಬೈರಮ್ಮ. ಹತ್ತು ಜನಕ್ಕಾಗುವಷ್ಟು ಗಂಟಲು ಅವಳದು.

“ಯಾವ್ದೋ ಒಬ್ಬ ಬಸವ.”

“ನಮ್ಮೂರ ಬಸವ ಎದ್ದು ನೀರು ಕುಡ್ಯಾಕಿಲ್ಲ. ಅವ್ನು ಬಸಳೆ ತತ್ತಾನಾ? ಸುಳ್ಳು ಯಾಕ್ಲಾ ಬರೀತೀಯ, ಓದ್ದೋನಾಗಿ.”

ಎರಡನೆಯ ಪಾಠಕ್ಕೆ ಹೋಗುವ ಧೈರ್ಯ ತಿಮ್ಮರಾಜುವಿಗೆ ಬರಲಿಲ್ಲ. ಕಟ್ಟನ್ನು ಹಾಗೇ ಕಟ್ಟಿ ಜಗಲಿಯ ಮೂಲೆಗೆ ಇಟ್ಟು ಒಬ್ಬೊಬ್ಬರನ್ನೇ ಕೇಳಿದ: “ನಿಮ್ಗೆ ಬರಿಯೋಕೆ ಬಂದ್ರೆ ಮೊದ್ಲು ಏನು ಬರೀತೀರಿ?”

ಬೈರಮ್ಮ ಮಗಳಿಗೆ ಕಾಗದ ಬರೆಯಬೇಕು ಎಂದಳು. ಮಗಳು ರಾಧಾಮಣಿಯನ್ನು ಕರಿಘಟ್ಟದ ಬುಡದ ಊರಿಗೆ ಕೊಟ್ಟಿತ್ತು. ಆದರೆ ಸ್ಲೇಟು ಕೈಗೆ ಕೊಟ್ಟರೆ ಬೈರಮ್ಮನ ಹತ್ತು ಗಂಟಲೂ ಒಣಗಿತು. “ಏನಂತ ಬರೀಲಿ? ಕ್ಷೇಮ ಅಂತ ಬರ್ದ್ರೆ ಮುಗ್ದೋಯ್ತಲ್ಲ.”

ತಿಮ್ಮರಾಜು ಟವಲನ್ನು ತಲೆಗೆ ಸೆರಗು ಹೊದ್ದು, ಸೊಂಟಕ್ಕೆ ಕೈಕೊಟ್ಟು, ಬೈರಮ್ಮನ ಬೀಗಿತ್ತಿಯಾದ. ಆಕೆಯನ್ನು ಅವನು ನೋಡಿದ್ದು ಮದುವೆಯಲ್ಲಿ ಒಂದೇ ಸಲ, ಅಷ್ಟು ಸಾಕಾಗಿತ್ತು. ಮೂಗಿನಿಂದ ದನಿ ತೆಗೆದ. “ಏನ್ ಬೀಗಿತ್ತೇರೆ, ಏನ್ ಅಡ್ಗೆ ಕಲ್ಸಿದ್ದೀರಿ ಮಗ್ಳಿಗೆ. ಅವ್ಳು ಕಟ್ಟಿದ ಮುದ್ದೇನ ಕರಿಘಟ್ಟದ ಮೇಲಿಂದ ಉಳ್ಡಿಸುದ್ರೆ ಲೋಕಪಾವನಿ ಒಳೆ ದಾಟಿ ನಿಲ್ತದೆ.”

ಬೈರಮ್ಮ ಎದ್ದು ನಿಂತಳು. “ನಮ್ಮ ರಾಧಾಮಣಿ ಗಂಟಿಲ್ದೆ ಮುದ್ದೆ ತಿರುವ್ತಾಳೆ ಕಣವ್ವ. ನಿಮ್ಮನೆ ರಾಗಿ ನೆಟ್ಟಗೆ ಬೀಸ್ಸು ಮೊದ್ಲು.”

“ಅದ್ನೇ ಬರಿ,” ಎಂದ ತಿಮ್ಮರಾಜು, ತನ್ನ ದನಿಯಲ್ಲಿ.

ಬೈರಮ್ಮನ ಮೊದಲ ಪಾಠ ಆ ಎರಡು ವಾಕ್ಯ. ಹದಿನೈದು ದಿನ ಹಿಡಿಯಿತು. ಅಕ್ಷರ ಮರೆತಾಗಲೆಲ್ಲ ತಿಮ್ಮರಾಜು ಸೆರಗು ಹೊದೆಯುತ್ತಿದ್ದ, ಅಕ್ಷರ ನೆನಪಾಗುತ್ತಿತ್ತು. ಕಾಗದ ಶ್ರೀರಂಗಪಟ್ಟಣದ ಅಂಚೆ ಹಿಡಿದು ಹೋಯಿತು. ಬೀಗಿತ್ತಿ ಮೊಮ್ಮಗಳ ಕೈಲಿ ಬರೆಸಿ ಉತ್ತರ ಕೊಟ್ಟಳು. ಅಲ್ಲಿಂದ ಬೈರಮ್ಮನಿಗೆ ಕಲಿಸುವುದಲ್ಲ, ನಿಲ್ಲಿಸುವುದು ಕಷ್ಟವಾಯಿತು.

ಜವರಯ್ಯನಿಗೆ ಬೇಕಿದ್ದದ್ದು ಅರ್ಜಿ. ಅವನ ಹುಲ್ಲಿನ ಮೆದೆಯ ಮೇಲೆ ಒಂದು ಕರೆಂಟು ಕಂಬ ಮೂರು ವರ್ಷದಿಂದ ಒರಗಿಕೊಂಡಿತ್ತು. ಯಾರ ಕೈಲಿ ಬರೆಸಿದರೂ ಅವರು ಊರಿನ ಮೋರಿ, ರಸ್ತೆ ಎಲ್ಲ ಸೇರಿಸಿ ಅವನ ಕಂಬವನ್ನು ಕೊನೆಗೆ ತಳ್ಳುತ್ತಿದ್ದರು. ‘ನನ್ ಕಂಬ ಮೊದ್ಲ ಸಾಲ್ನಲ್ಲಿ ಇರ್ಬೇಕು’ ಎಂಬುದು ಅವನ ಶಿಕ್ಷಣ ನೀತಿ. ಅವನಿಗೆ ‘ಇವರಿಗೆ’, ‘ಮಾನ್ಯರೆ’, ‘ಈ ಮೂಲಕ’ದಿಂದ ಪಾಠ ಶುರುವಾಯಿತು. ‘ತಕ್ಕದ್ದು’ ಎಂಬ ಮಾತು ಬಂದ ದಿನ ಅವನಿಗೆ ಹಬ್ಬ. ಮನೆಗೆ ಹೋಗಿ ಎತ್ತಿನ ಮುಂದೆ ನಿಂತು, “ಈ ಮೂಲಕ ಏಳಾದೇನಂದ್ರೆ, ಸದರಿ ಉಲ್ಲು ತಿನ್ನತಕ್ಕದ್ದು,” ಎಂದನಂತೆ. ಎತ್ತು ತಿಂದಿತಂತೆ. “ಸರ್ಕಾರಿ ಮಾತ್ಗೆ ಬೆಲೆ ಅದೆ ಕಣ್ಲಾ,” ಎಂದ.

ಮೂರನೆಯವನು ಶ್ರೀನಿವಾಸಾಚಾರಿ. ಪಾತ್ರೆಗೆ ಹೆಸರು ಕೆತ್ತುವುದು ಅವನ ಅಪ್ಪನಿಂದ ಬಂದ ಕಸುಬು. ಮದುವೆಗೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರಬೇಕಲ್ಲ. ಪಾಂಡವಪುರ, ನಾಗಮಂಗಲದ ಪಾತ್ರೆ ಅಂಗಡಿಗಳ ಮುಂದೆ ಸುತ್ತಿಗೆ, ಉಳಿ ಹಿಡಿದು ಕೂರುತ್ತಿದ್ದ. ಅವನ ಅಕ್ಷರ ಮುತ್ತಿನಂಥದ್ದು. ತೊಡಕೆಂದರೆ ಅವನಿಗೆ ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿದ್ದ ಆಕಾರವನ್ನು ಹಾಗೇ ಇಳಿಸುತ್ತಿದ್ದ. ಒಂದು ಸಲ ನಾಗಮಂಗಲದಲ್ಲಿ ಒಬ್ಬ ಸೋದರಮಾವ ಅವಸರದಲ್ಲಿ ಜೇಬಿನ ಬೇರೆ ಚೀಟಿ ಕೊಟ್ಟು ಹೋದ. ಆಚಾರಿ ಶ್ರದ್ಧೆಯಿಂದ ಕೊಳಗದಿಂದ ಲೋಟದವರೆಗೆ ಹತ್ತು ಪಾತ್ರೆಯ ಮೇಲೂ ‘ಬೆಲ್ಲ ಎರಡು ಕೆಜಿ, ಒಣಮೆಣಸಿನಕಾಯಿ ಕಾಲು ಕೆಜಿ’ ಎಂದು ಬಳ್ಳಿಯ ಅಲಂಕಾರದ ಸಮೇತ ಕೆತ್ತಿಬಿಟ್ಟ. ಆ ಮಾವನನ್ನು ಬೀಗರು ಇವತ್ತಿಗೂ ಬೆಲ್ಲದ ಮಾವ ಎನ್ನುತ್ತಾರೆ. ಆಚಾರಿಗೆ ಅಕ್ಷರ ತಿದ್ದಿಸುವ ಅಗತ್ಯವಿರಲಿಲ್ಲ, ತಿಮ್ಮರಾಜುವಿಗೇ ಅವನು ತಿದ್ದಿಸಬಲ್ಲವನಾಗಿದ್ದ. ಕಿವಿಯಲ್ಲಿ ಕೇಳಿದ್ದನ್ನು ಕೈಗೆ ತರುವುದು ಮಾತ್ರ ಅವನ ಪಾಠ. ತಿಮ್ಮರಾಜು ಬೇರೆ ಬೇರೆ ದನಿಯಲ್ಲಿ ಹೆಸರು ಕೂಗುವುದು, ಆಚಾರಿ ಬರೆಯುವುದು.

ಇನ್ನುಳಿದದ್ದು ಚೆಲುವಮ್ಮ.

ಚೆಲುವಮ್ಮನಿಗೆ ಅರವತ್ತು ದಾಟಿತ್ತು. ದಿನವೂ ಎಲ್ಲರಿಗಿಂತ ಮೊದಲು ಬಂದು, ಮಡಿಲಲ್ಲಿ ಹುರಿಗಾಳು ಕಟ್ಟಿಕೊಂಡು ಬೈರಮ್ಮನಿಗೂ ಜವರಯ್ಯನಿಗೂ ನಡುವೆ ಕೂರುವಳು. ಬಂದವರಿಗೆಲ್ಲ “ಉಂಡ್ಯಾ?” ಎಂದು ಕೇಳಿ ಒಂದು ಹಿಡಿ ಕೊಡುವಳು. ತಿಮ್ಮರಾಜುವನ್ನೂ ಕೇಳುವಳು. ಬೋರ್ಡು ಒರೆಸುತ್ತಲೇ ಅವನು “ಆಯ್ತು” ಎನ್ನುವನು, ಉಂಡಿದ್ದರೂ ಉಣ್ಣದಿದ್ದರೂ. ಆಮೇಲೆ ಅವಳು ಸ್ಲೇಟಿನ ಮೇಲೆ ಒಂದು ‘ಅ’ ಬರೆದು, ಅದನ್ನೇ ನೋಡುತ್ತ ನಾಲ್ಕು ಗಂಟೆಯವರೆಗೆ ಕೂತಿದ್ದು ಎದ್ದು ಹೋಗುವಳು.

ತಿಮ್ಮರಾಜು ಅವಳಿಗೆ ಅವಳದೇ ಹೆಸರಿನ ಪಾಠ ಹಾಕಿದ.

“ಚೆಲುವಮ್ಮ ಅಂತ ಬೇರೆಯೋರು ಕರೀತಾರೆ. ನನ್ನ ನಾನೇ ಯಾಕಪ್ಪ ಕರ್ಕೊಳ್ಳಲಿ?” ಎಂದಳು.

ಹಸುವಿನ ಹೆಸರು ಎಂದ. ಹಸುವಿಗೆ ಓದು ಬರುವುದಿಲ್ಲ ಎಂದಳು. ದೇವರ ಹೆಸರು ಎಂದ. ದೇವರಿಗೆ ಗೊತ್ತಿದೆ ಎಂದಳು. ಅರ್ಜಿ ಬೇಕಿರಲಿಲ್ಲ, ಕಾಗದ ಕಳಿಸಲು ದೂರದಲ್ಲಿ ಯಾರೂ ಇರಲಿಲ್ಲ. “ನಂಗೆ ಬರ್ದು ಏಳೋ ಅಂತ ಮಾತು ಯಾವ್ದೂ ಇಲ್ಲ ಕಣಪ್ಪ. ಇಲ್ಲಿ ಜನ ಅವ್ರೆ, ಅದ್ಕೆ ಬತ್ತೀನಿ,” ಎಂದಳು.

ಬೈರಮ್ಮನಿಗೆ ಬೀಗಿತ್ತಿಯ ದನಿ, ಜವರಯ್ಯನಿಗೆ ಕರೆಂಟಿನ ಲೈನ್‌ಮನ್ನನ ದನಿ. ಚೆಲುವಮ್ಮನ ಎದುರು ಯಾರ ದನಿ ತೆಗೆಯಬೇಕೆಂದು ತಿಮ್ಮರಾಜುವಿಗೆ ತಿಳಿಯಲಿಲ್ಲ. ಊರಿನ ಅಷ್ಟೂ ಗಂಟಲು ಅವನ ಗಂಟಲಲ್ಲಿದ್ದವು, ಬೇಕಾದದ್ದು ಒಂದು ಇರಲಿಲ್ಲ.

ಹೀಗಿರುವಾಗ ಅವನು ಒಂದು ತಪ್ಪು ಮಾಡಿದ. ಒಂದು ಮಧ್ಯಾಹ್ನ ಮೂರು ಗಂಟೆಗೆ, ಎಲ್ಲರೂ ಬಗ್ಗಿ ಬರೆಯುತ್ತಿದ್ದಾಗ, ಮರದ ಹಿಂದೆ ಹೋಗಿ ಡೈರಿ ಸೆಕ್ರೆಟರಿಯ ಕರ್ಕಶ ದನಿಯಲ್ಲಿ ಕೂಗಿದ: “ಹಾಲಿನ ಲಾರಿ ಬಂದ್ಬುಟ್ಟದೆ. ಐದು ನಿಮಿಷ ನಿಲ್ತದೆ, ಅಷ್ಟೇಯ.” ಸ್ಲೇಟುಗಳು ಅಲ್ಲಲ್ಲೇ ಬಿದ್ದವು. ಜಗಲಿ ಖಾಲಿಯಾಯಿತು. ಬೈರಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಎಮ್ಮೆಯ ಕೆಚ್ಚಲಿಗೆ ಕೈಹಾಕಿ, ಎಮ್ಮೆ ಒದ್ದು, ಬಕೆಟ್ಟು ತಿಪ್ಪೆಗೆ ಹಾರಿತು. ಕ್ಯಾನು ಹಿಡಿದು ಡೈರಿಗೆ ಓಡಿದವರಿಗೆ ಸಿಕ್ಕಿದ್ದು ಮುಚ್ಚಿದ ಬಾಗಿಲು ಮತ್ತು ಅದರ ಮುಂದೆ ಮಲಗಿದ್ದ ನಾಯಿ.

ವಾಪಸು ಬಂದ ಬೈರಮ್ಮ ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು. “ನಗು, ನಗು. ಒಂದಿನ ನಿನ್ನೂ ಇಂಗೇ ಓಡುಸ್ದೆ ಇದ್ರೆ ನಾನು ಬೈರಮ್ಮನೇ ಅಲ್ಲ ಕಣ್ಲಾ.”

“ನಿಮ್ ಕೈಲಿ ನನ್ ದನಿ ಬತ್ತದಾ?” ಎಂದ ತಿಮ್ಮರಾಜು.

ಅದಾಗಿ ವಾರಕ್ಕೆ ಮೇಲ್ವಿಚಾರಕ ಶಿವಲಿಂಗಯ್ಯನವರು ಬಂದರು. ಕೃಷ್ಣರಾಜಪೇಟೆಯಲ್ಲಿ ಮನೆ, ನಿವೃತ್ತ ಹೆಡ್‌ಮಾಸ್ಟರು, ಜೇಬಿನಲ್ಲಿ ಸದಾ ಕೆಂಪು ಪೆನ್ನು. ಮದುವೆಯ ಕರೆಯೋಲೆ ಕೊಟ್ಟರೂ ತಿದ್ದಿ ವಾಪಸು ಕೊಡುವವರೆಂದು ಹೆಸರು. ಪ್ರತಿ ವಾಕ್ಯದ ಕೊನೆಗೆ ‘ಗೊತ್ತಾಯ್ತಾ’ ಎಂದು ಮೊಳೆ ಹೊಡೆಯುವುದು ಅವರ ಅಭ್ಯಾಸ. ತಿಮ್ಮರಾಜು ಹೈಸ್ಕೂಲಿನಲ್ಲಿ ಅವರ ಶಿಷ್ಯ. ಆಗಲೇ ಅವರ ದನಿ ಕದ್ದಿದ್ದ, ಈಗಲೂ ಪಾಠದ ನಡುವೆ ಬೇಸರ ಕಳೆಯಲು ಅದನ್ನು ಹೊರಗೆ ತೆಗೆಯುತ್ತಿದ್ದ.

ಶಿವಲಿಂಗಯ್ಯನವರು ಬಿಚ್ಚದ ಪುಸ್ತಕದ ಕಟ್ಟನ್ನು ನೋಡಿದರು. ಒಂದೊಂದೇ ಸ್ಲೇಟು ತೆಗೆದು ನೋಡಿದರು. ಒಂದರಲ್ಲಿ ಮುದ್ದೆ, ಒಂದರಲ್ಲಿ ಕಂಬ, ಒಂದರಲ್ಲಿ ವಧೂವರರ ಹೆಸರು.

“ಎಲ್ಲರಿಗೂ ಒಂದು ಪುಸ್ತಕ ಅಂತ ಸರ್ಕಾರ ಕೊಟ್ಟಿದೆ. ನೀನು ಒಬ್ಬೊಬ್ಬರಿಗೆ ಒಂದೊಂದು ಪಾಠ ಮಾಡ್ತಿದ್ದೀಯ. ಗೊತ್ತಾಯ್ತಾ?”

“ಅವ್ರವ್ರ ಕಾಲಿಗೆ ಅವ್ರವ್ರ ಚಪ್ಪಲಿ ಅಲ್ವಾ ಸಾ,” ಎಂದ ತಿಮ್ಮರಾಜು. “ಊರಿಗೆಲ್ಲ ಒಂದೇ ಅಳತೆ ಹೊಲ್ಸಿದ್ರೆ ಅರ್ಧ ಜನ ಬರಿಗಾಲಲ್ಲೇ ನಡೀತಾರೆ.”

ಶಿವಲಿಂಗಯ್ಯನವರು ಚೆಲುವಮ್ಮನ ಸ್ಲೇಟು ಎತ್ತಿದರು. ಅದರ ಮೇಲೆ ಒಂದು ‘ಅ’ ಇತ್ತು.

“ಈಕೆ ಎಷ್ಟು ದಿನದಿಂದ ಬರ್ತಿದಾರೆ?”

“ಐದು ತಿಂಗ್ಳಾಯ್ತು ಸಾ.”

“ಈಕೆಗೆ ಯಾವ ಪಾಠ?”

ತಿಮ್ಮರಾಜು ಆಗಲೇ ಒರೆಸಿದ್ದ ಬೋರ್ಡನ್ನು ಮತ್ತೊಮ್ಮೆ ಒರೆಸಿದ.

“ನಿನ್ನ ಚಪ್ಪಲಿ ಎಲ್ಲರಿಗೂ ಸರಿಹೋಗುತ್ತೆ ಅಂತ ಒಪ್ಕೋಬೇಕಾದ್ರೆ ಈಕೆ ತಾನಾಗಿ ಒಂದು ವಾಕ್ಯ ಬರೀಲಿ. ನೀನು ಬೋರ್ಡಲ್ಲಿ ಬರೆದು ಕೊಟ್ಟಿದ್ದಲ್ಲ, ತಾನಾಗಿ. ತಿಂಗಳ ಕೊನೆವರೆಗೆ ನೋಡ್ತೀನಿ. ಆಗಲಿಲ್ವಾ, ಈ ಕೇಂದ್ರ ಮುಚ್ಚಿ ಎಲ್ಲರನ್ನೂ ಮಾಕವಳ್ಳಿಗೆ ಸೇರಿಸ್ತೀನಿ. ಅಲ್ಲಿ ಪುಸ್ತಕದ ಪಾಠ. ಕಾಗದ ಬರೆದು ತಿಳಿಸ್ತೀನಿ, ಗೊತ್ತಾಯ್ತಾ?”

ಎಲ್ಲರಿಗೂ ಗೊತ್ತಾಯಿತು. ಮಾಕವಳ್ಳಿ ಎರಡೂವರೆ ಮೈಲಿ. ಹೋಗಿ ಬರುವಷ್ಟರಲ್ಲಿ ಎಮ್ಮೆ ಕರೆಯುವ ಹೊತ್ತು ಮೀರುತ್ತದೆ. ಅಂದರೆ ಯಾರೂ ಹೋಗುವುದಿಲ್ಲ. ಕೇಂದ್ರ ಮುಚ್ಚುವುದೆಂದರೆ ಮುಚ್ಚಿತು, ಅಷ್ಟೆ.

ಆಮೇಲಿನ ಹತ್ತು ದಿನ ತಿಮ್ಮರಾಜು ಯಾರ ದನಿಯನ್ನೂ ತೆಗೆಯಲಿಲ್ಲ. ಚೆಲುವಮ್ಮನ ಮುಂದೆ ಕೂತು, “ಅಮ್ಮ, ನಾನು ಏಳ್ತೀನಿ, ನೀವು ಬರೀರಿ. ‘ಹಸು ಹಾಲು ಕೊಡುತ್ತದೆ.’ ಇಷ್ಟೇಯ,” ಎಂದ.

“ತಾನಾಗಿ ಅಂದ್ರಲ್ಲಪ್ಪ ಅವ್ರು. ಕಳ್ತನ ಯಾಕೆ?” ಎಂದಳು ಚೆಲುವಮ್ಮ. ಅವನ ಮುಖ ನೋಡಿದಳು. “ಉಂಡ್ಯಾ?”

“ಆಯ್ತು,” ಎಂದ.

ಶನಿವಾರ ಅಂಚೆಯವನು ಒಂದು ಇನ್‌ಲ್ಯಾಂಡ್ ಪತ್ರ ಕೊಟ್ಟು ಹೋದ. ನೀಲಿ ಕಾಗದ. ಬಿಡಿಸಿದರೆ ಒಳಗೆ ಶಿವಲಿಂಗಯ್ಯನವರ ದುಂಡು ಅಕ್ಷರ, ಕೆಳಗೆ ಅವರ ಸೊಟ್ಟ ಸಹಿ, ಸಹಿಯ ಪಕ್ಕ ದುಂಡನೆಯ ಸೀಲು. ತಿಮ್ಮರಾಜು ನಿಂತಲ್ಲೇ ಓದಿದ.

‘ಇವರಿಗೆ, ತಿಮ್ಮರಾಜು ಬಿ.ಎ., ಹುಣಸೇಕೊಪ್ಪಲು. ಮಾನ್ಯರೆ, ಈ ಮೂಲಕ ತಿಳಿಸುವುದೇನೆಂದರೆ ನಿಮ್ಮ ಕೇಂದ್ರವನ್ನು ಮುಚ್ಚಲಾಗಿದೆ, ಗೊತ್ತಾಯ್ತಾ. ಪಾಠ ಮಾಡು ಅಂದರೆ ಕೋತಿ ಹಾಗೆ ಕುಣಿದಿದ್ದೀರಿ. ಓದಿದ ಬಿ.ಎ.ಯನ್ನು ಒಲೆಗೆ ಹಾಕಿದ್ದರೆ ಒಂದು ಸೇರು ಹಾಲಾದರೂ ಕಾಯುತ್ತಿತ್ತು, ಗೊತ್ತಾಯ್ತಾ. ಸದರಿ ಬೋರ್ಡು, ಸದರಿ ಸ್ಲೇಟು, ಸದರಿ ಪುಸ್ತಕದ ಕಟ್ಟು ಇವುಗಳನ್ನು ಸೋಮವಾರ ಬೆಳಿಗ್ಗೆ ಕೃಷ್ಣರಾಜಪೇಟೆಯ ನಮ್ಮ ಮನೆಗೆ ಹೊತ್ತು ತರತಕ್ಕದ್ದು. ತಪ್ಪಿದಲ್ಲಿ ಕಂಬಕ್ಕೆ ಕಟ್ಟತಕ್ಕದ್ದು.’

ಮೇಷ್ಟ್ರಿಗೆ ಇಷ್ಟು ಕೋಪವೇ ಎನಿಸಿತು. ‘ಮುಚ್ಚಲಾಗಿದೆ’ ಎಂಬಲ್ಲಿಗೇ ಅವನ ಕಣ್ಣು ಅರ್ಧ ಮುಚ್ಚಿತ್ತು, ಉಳಿದದ್ದನ್ನು ಉಳಿದರ್ಧದಲ್ಲಿ ಓದಿದ್ದ. ಪತ್ರವನ್ನು ಮಡಿಸಿ ಜೇಬಿಗಿಟ್ಟ. ಜಗಲಿಗೆ ಹೋಗಿ ವಿಷಯ ಹೇಳಿದ. ಬೈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿದಳು. ಜವರಯ್ಯ ಮರದ ಕಡೆ ತಿರುಗಿ ಕೆಮ್ಮಿದ. ಆಚಾರಿ ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದ. ಎಲ್ಲರಿಗೂ ದುಃಖ ಎಂದುಕೊಂಡ ತಿಮ್ಮರಾಜು. ದನಿ ಕದಿಯಬಲ್ಲವನಿಗೆ ಮುಖ ಓದಲು ಬರಬೇಕೆಂದೇನೂ ಇಲ್ಲ.

ಸೋಮವಾರ ಬೆಳಿಗ್ಗೆ ತಾಯಿ ಮುದ್ದೆ ಮಾಡಿ ಕರೆದಳು. “ಬ್ಯಾಡ” ಎಂದು ಹಾಗೇ ಹೊರಟ. ತಲೆಯ ಮೇಲೆ ಪುಸ್ತಕದ ಕಟ್ಟು, ಬೆನ್ನಿಗೆ ಸ್ಲೇಟಿನ ಚೀಲ, ಕಂಕುಳಲ್ಲಿ ಬೋರ್ಡು. ಬಸ್ಸಿನ ಕಂಡಕ್ಟರು ಮೇಲೆ ಕೆಳಗೆ ನೋಡಿದ.

“ಏನ್ ಮೇಷ್ಟ್ರೇ, ನಮ್ ಬಸ್ಸಿಗೆ ಬೋರ್ಡಿಲ್ಲ ಅಂತ ತಂದ್ಬುಟ್ರಾ?”

ಬೇರೆ ದಿನವಾಗಿದ್ದರೆ ತಿಮ್ಮರಾಜು ಇದಕ್ಕೆ ನಾಲ್ಕು ಮಾತು ಪೋಣಿಸಿ ಕೊಡುತ್ತಿದ್ದ, ಅದೂ ಕಂಡಕ್ಟರನ ದನಿಯಲ್ಲೇ. ಇವತ್ತು ಟಿಕೇಟು ತೆಗೆದುಕೊಂಡು ಕಿಟಕಿಯಾಚೆ ನೋಡಿದ. ಕಬ್ಬಿನ ಗಾಡಿಗಳು ಮಾಕವಳ್ಳಿಯ ಕಡೆ ಸಾಲಾಗಿ ಹೋಗುತ್ತಿದ್ದವು. ಮಾರ್ಚಿನ ಬಿಸಿಲು ಆಗಲೇ ತಲೆಗೆ ಏರುತ್ತಿತ್ತು. ಟವಲು ತರುವುದನ್ನೂ ಮರೆತಿದ್ದ.

ಶಿವಲಿಂಗಯ್ಯನವರು ವರಾಂಡದಲ್ಲಿ ಕೂತು ದಿನಪತ್ರಿಕೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ತಿಮ್ಮರಾಜು ಬೋರ್ಡನ್ನು ಗೋಡೆಗೆ ಒರಗಿಸಿ, ಕಟ್ಟು ಇಳಿಸಿ, ಸ್ಲೇಟಿನ ಚೀಲ ಇಟ್ಟು, ಕೈಕಟ್ಟಿ ನಿಂತ.

“ಇದೇನೋ, ಗುಳೆ ಹೊರಟಿದ್ದೀಯ?”

“ನೀವೇ ಬರೆದಿದ್ರಲ್ಲ ಸಾ.”

“ನಾನು ಬರೆದಿದ್ನಾ?”

ತಿಮ್ಮರಾಜು ಪತ್ರ ಕೊಟ್ಟ. ಮೇಷ್ಟ್ರು ಕನ್ನಡಕ ಏರಿಸಿ ಓದತೊಡಗಿದರು. ಓದುತ್ತ ಓದುತ್ತ ಹುಬ್ಬು ಮೇಲೇರಿತು. ಸಹಿಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಒಳಗೆ ಹೋಗಿ ತಮ್ಮ ಸೀಲು ತಂದು, ದಿನಪತ್ರಿಕೆಯ ಅಂಚಿಗೆ ಒಂದು ಒತ್ತು ಒತ್ತಿ ಎರಡನ್ನೂ ಪಕ್ಕಪಕ್ಕ ಇಟ್ಟರು.

“ಅದರದ್ದೇ ಸ್ಪಷ್ಟವಾಗಿದೆ,” ಎಂದರು ನಿಧಾನವಾಗಿ. “ನಂದು ಸವೆದಿದೆ.”

ತಿಮ್ಮರಾಜುವಿಗೆ ಏನೂ ತಿಳಿಯಲಿಲ್ಲ.

“ಇದನ್ನ ನಾನು ಬರೆದಿಲ್ಲ ಕಣೋ. ಅಕ್ಷರ ನಂದು, ಸಹಿ ನಂದು, ಕಾಗದ ನಂದಲ್ಲ. ಅಂಚೆ ಮುದ್ರೆ ನೋಡು, ನಾಗಮಂಗಲ. ಪೇಟೆಯಲ್ಲಿ ಕೂತಿರೋ ನಾನು ಒಂದು ಇನ್‌ಲ್ಯಾಂಡು ಹಾಕೋಕೆ ನಾಗಮಂಗಲಕ್ಕೆ ಹೋಗ್ತೀನಾ? ಮತ್ತೆ ಈ ‘ಗೊತ್ತಾಯ್ತಾ’ ಅನ್ನೋದು. ನಾನು ಮಾತಿಗೆ ಮುಂಚೆ ಹಾಗೆ ಅಂತೀನಾ?”

ಒಳಗಿನಿಂದ ಅವರ ಹೆಂಡತಿ, “ಮಾತಾದ ಮೇಲೆ ಅಂತೀರಿ,” ಎಂದರು.

ತಿಮ್ಮರಾಜು ಪತ್ರವನ್ನು ಕಸಿದುಕೊಂಡಂತೆ ತೆಗೆದುಕೊಂಡ. ಈಗ ಪೂರಾ ಕಣ್ಣು ಬಿಟ್ಟು ಓದಿದ. ‘ಈ ಮೂಲಕ’, ‘ಸದರಿ’, ‘ತಕ್ಕದ್ದು’, ಅದರ ಮೇಲೆ ಕಂಬ. ಒಲೆಗೆ ಹಾಕಿದ ಬಿ.ಎ., ಕಾಯದೆ ಉಳಿದ ಹಾಲು. ಅಂಥ ಬೈಗುಳ ಕರಿಘಟ್ಟದ ಬುಡಕ್ಕೆ ವಾರಕ್ಕೊಂದು ಹೋಗುತ್ತಿತ್ತು. ಮುತ್ತಿನಂಥ ದುಂಡಕ್ಷರ, ನಾಗಮಂಗಲದ ಮುದ್ರೆ. ತಾನು ಐದು ತಿಂಗಳು ಬಾಯಲ್ಲಿ ಮಾಡಿದ್ದನ್ನು ಅವರು ಕಾಗದದ ಮೇಲೆ ಮಾಡಿದ್ದರು. ಶಿವಲಿಂಗಯ್ಯನವರ ದನಿ ಕದ್ದು, ತನ್ನ ಮೇಲೆಯೇ ಬಿಟ್ಟಿದ್ದರು.

“ಯಾರು ಬರೆದಿದ್ದು?”

“ನನ್ ವಿದ್ಯಾರ್ಥಿಗಳು ಸಾ,” ಎಂದ. “ಎಲ್ಲಾನೂ ಅವ್ರೇಯ.”

“ಎಲ್ಲರೂನಾ?” ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. “ಮೂರು ಜನದ ಕೈವಾಡ ಕಾಣುತ್ತೆ. ಆಕೆ ಎಲ್ಲಿ, ‘ಅ’ ಬರೆಯೋ ಆಕೆ?”

ತಿಮ್ಮರಾಜು ತಲೆ ತಗ್ಗಿಸಿದ. ಬರೆದವರು ಮೂವರೇ. ಕೇಳಿದ್ದು ನಾಲ್ಕನೆಯವಳನ್ನು.

ಶಿವಲಿಂಗಯ್ಯನವರು ಪತ್ರವನ್ನು ಮತ್ತೆ ಇಸಿದುಕೊಂಡರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರು ಕೊನೆಯ ಪುಟ ತಿರುವದೆ ಅಂಕ ಕೊಟ್ಟವರಲ್ಲ. ಇನ್‌ಲ್ಯಾಂಡಿನ ಕೆಳಗೆ, ಅಂಟಿಸುವುದಕ್ಕೆ ಮಡಿಸುವ ಪಟ್ಟಿಯಿರುತ್ತದಲ್ಲ, ಅದು ಒಳಕ್ಕೆ ಮಡಿಚಿಕೊಂಡೇ ಇತ್ತು. ಉಗುರಿನಿಂದ ಅದನ್ನು ಬಿಡಿಸಿದರು. ಎರಡು ಸಲ ಓದಿದರು. ತಿಮ್ಮರಾಜುವಿನ ಕಡೆ ಹಿಡಿದರು.

ಪಟ್ಟಿಯ ಮೇಲೆ ಪೆನ್ಸಿಲಿನ ಅಕ್ಷರ. ಒಂದೊಂದೂ ಹುಣಸೆಬೀಜದಷ್ಟು ದಪ್ಪ, ಒಂದು ಮೇಲೆ, ಒಂದು ಕೆಳಗೆ. ಒತ್ತಿ ಬರೆದದ್ದಕ್ಕೆ ಕಾಗದ ಎರಡು ಕಡೆ ತೂತಾಗಿತ್ತು.

‘ಉಂಡು ಓಗಪ್ಪ. ಬಿಸ್ಲು. ಟವಲ್ ಆಕ್ಕೊ.’

ಬೀದಿಯ ಕಡೆಯಿಂದ ಗೇಟು ಕಿರ್ರೆಂದಿತು. ನಾಲ್ಕು ಜನ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ಕಬ್ಬು ಇಳಿಸಿ ಬಂದ ಟ್ರಾಕ್ಟರು ಹತ್ತಿ ಬಂದದ್ದಕ್ಕೆ ಎಲ್ಲರ ತಲೆಯ ಮೇಲೂ ಸಿಪ್ಪೆ. ಮುಂದೆ ಬೈರಮ್ಮ, ಅವಳ ಹಿಂದೆ ಅಡಗಿದಂತೆ ಜವರಯ್ಯ, ಅವನ ಹಿಂದೆ ಆಚಾರಿ.

“ಸಾ, ಅವ್ನ್ನ ಬೈಬೇಡಿ,” ಎಂದಳು ಬೈರಮ್ಮ. “ನಾವೇ ಮಾಡುದ್ದು. ಡೈರಿಗೆ ಓಡ್ಸಿದ್ದ ನಮ್ಮನ್ನ, ಅದ್ಕೆ ಇವ್ನ ಓಡ್ಸದೋ. ಅರ್ಧ ದಾರೀಲಿ ಗೊತ್ತಾಗ್ಬುಡ್ತದೆ ಅಂದ್ಕೊಂಡಿದ್ದೋ. ಈ ಪೆದ್ದನನ್ಮಗ ಬೋರ್ಡೂ ಒತ್ಕೊಂಡು ಬಂದ್ಬುಟ್ಟವ್ನೆ.”

“ಸೀಲು?” ಎಂದರು ಮೇಷ್ಟ್ರು.

ಆಚಾರಿ ಜೇಬಿನಿಂದ ಹವಾಯಿ ಚಪ್ಪಲಿಯ ಹಿಮ್ಮಡಿಯ ತುಂಡು ತೆಗೆದು ತೋರಿಸಿದ. ಅದರ ಮೇಲೆ ಮೇಲ್ವಿಚಾರಕರ ಅಷ್ಟೂ ಘನತೆ ತಿರುವುಮುರುವಾಗಿ ಕೆತ್ತಿತ್ತು. “ಡೈರಿ ಗ್ವಾಡೆ ಮೇಲೆ ನಿಮ್ದೊಂದು ಸುತ್ತೋಲೆ ಅಂಟ್ಸಿತ್ತು ಸ್ವಾಮಿ. ಅದ್ನ ನೋಡ್ಕೊಂಡು. ನಿಮ್ಗೆ ಬೇಕಂದ್ರೆ ಇಟ್ಕೊಳಿ.”

“ಕೈಬರಹ?”

“ಅದೂ ಅದ್ರಲ್ಲೇ ನೋಡ್ದೆ. ಇವ್ರು ಏಳುದ್ರು, ನಾನು ಕಿವೀಲಿ ಕೇಳಿ ಬರ್ದೆ. ಚೀಟಿ ಇರ್ಲಿಲ್ಲ,” ಎಂದ ಆಚಾರಿ. ಕೊನೆಯ ಎರಡು ಮಾತನ್ನು ತಿಮ್ಮರಾಜುವಿನ ಕಡೆ ನೋಡಿ ಹೇಳಿದ.

“ಈ ಕೊನೇ ಪಟ್ಟಿ?”

ಎಲ್ಲರೂ ಹಿಂದೆ ನೋಡಿದರು. ಚೆಲುವಮ್ಮ ಇನ್ನೂ ಗೇಟಿನ ಹತ್ತಿರವೇ ಇದ್ದಳು, ಕೈಯಲ್ಲಿ ಒಂದು ಬಟ್ಟೆಯ ಗಂಟು.

ಬೈರಮ್ಮನೇ ಹೇಳಿದಳು. “ನಾವು ಬ್ಯಾಡ ಅಂದೋ ಸಾ, ಗುಟ್ಟು ರಟ್ಟಾಯ್ತದೆ ಅಂತ. ಕೇಳ್ಳಿಲ್ಲ. ಇಂತಾ ಕಾಗ್ದ ನೋಡುದ್ರೆ ಅವ್ನು ಉಣ್ದೆ ಓಗ್ತಾನೆ ಅಂದ್ಲು. ‘ಉ’ ಎಂಗೆ, ‘ಡು’ ಎಂಗೆ ಅಂತ ನನ್ನ ಕೇಳ್ಕಂಡು ಕೇಳ್ಕಂಡು, ಮೂರು ದಿನ ಕೂತ್ಕಂಡು ಬರ್ದ್ಲು. ಮಾತು ಅವ್ಳ್ದೇಯ.”

ಶಿವಲಿಂಗಯ್ಯನವರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಜವರಯ್ಯನ ಸಾಲಿನಲ್ಲಿ ಎರಡು ‘ಸದರಿ’ ಹೊಡೆದುಹಾಕಿದರು. ಬೈರಮ್ಮನ ಸಾಲಿನ ಪಕ್ಕ ‘ಉಪಮೆ ಚೆನ್ನಾಗಿದೆ’ ಎಂದು ಬರೆದರು. ಮಡಿಸುವ ಪಟ್ಟಿಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುಚ್ಚಳ ಹಾಕಿ ಜೇಬಿಗಿಟ್ಟರು.

“ಮೂರು ವಾಕ್ಯ,” ಎಂದರು. “ನಾನು ಒಂದು ಕೇಳಿದ್ದೆ. ಈ ಪತ್ರ ನನ್ನ ಹತ್ರ ಇರುತ್ತೆ, ಇದು ಉತ್ತರಪತ್ರಿಕೆ. ಪುಸ್ತಕದ ಕಟ್ಟು ಇಲ್ಲೇ ಇರ್ಲಿ, ಮಾಕವಳ್ಳಿಯೋರಿಗೆ ಕೊಡ್ತೀನಿ. ಬೋರ್ಡು, ಸ್ಲೇಟು ವಾಪಸು ಹೊತ್ಕೊಂಡು ಹೋಗು. ನಾಳೆ ಎರಡು ಗಂಟೆಗೆ ಪಾಠ, ಗೊ…” ಎಂದು ಬಾಯಿ ತೆರೆದವರು ಹೆಂಡತಿಯ ಕಡೆ ನೋಡಿ ಮುಚ್ಚಿದರು.

ಚೆಲುವಮ್ಮ ಮೆಲ್ಲಗೆ ಬಂದು ಮೆಟ್ಟಿಲ ಮೇಲೆ ಗಂಟು ಬಿಚ್ಚಿದಳು. ಎರಡು ರಾಗಿರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿ. ತಲೆಯೆತ್ತಿ ತಿಮ್ಮರಾಜುವನ್ನು ನೋಡಿದಳು.

“ಉಂಡ್ಯಾ?”

“ಆ…” ಎಂದು ಶುರುಮಾಡಿದ ತಿಮ್ಮರಾಜು ಅಭ್ಯಾಸಬಲದಿಂದ. ನಿಲ್ಲಿಸಿದ. “ಇಲ್ಲಮ್ಮ.”

ಚೆಲುವಮ್ಮನಿಗೆ ನಿಜವಾಗಿಯೂ ಕೋಪ ಬಂತು. ಐದು ತಿಂಗಳಲ್ಲಿ ಯಾರೂ ಅದನ್ನು ನೋಡಿರಲಿಲ್ಲ. “ಬರ್ದಿದ್ನಲ್ಲ,” ಎಂದಳು. “ಅಷ್ಟು ದೊಡ್ದಾಗಿ ಬರ್ದಿದ್ನಲ್ಲ. ಓದಕ್ಕೆ ಬರಾಕಿಲ್ವಾ ನಿಂಗೆ?”

ಮೊದಲು ನಕ್ಕದ್ದು ಜವರಯ್ಯ, ಮೂಗಿನಲ್ಲಿ. ಆಮೇಲೆ ಬೈರಮ್ಮ ಸೊಂಟ ಹಿಡಿದುಕೊಂಡು ನಕ್ಕಳು. ಆಚಾರಿ ನಕ್ಕ, ಒಳಗೆ ಮೇಷ್ಟ್ರ ಹೆಂಡತಿ ನಕ್ಕರು, ಮೇಷ್ಟ್ರು ದಿನಪತ್ರಿಕೆ ಅಡ್ಡ ಹಿಡಿದು ನಕ್ಕರು. ತಿಮ್ಮರಾಜು ಬೋರ್ಡಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಸಿದು ಕೂತು, ಕೈಯೆಲ್ಲ ರೊಟ್ಟಿ, ಕೆನ್ನೆಯೆಲ್ಲ ನೀರು, ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ನಕ್ಕ. ಅಷ್ಟು ಜನರ ನಗುವಿಗಿಂತ ಅವನದೇ ಜೋರಾಗಿತ್ತು, ಮತ್ತು ಆ ದನಿ ಬೇರೆ ಯಾರದೂ ಆಗಿರಲಿಲ್ಲ.